ಕಲ್ಲುಬಾನಿಯ ಬಜೆ

ಶಹಾಬಜಾರ, ಕಲಬುರ್ಗಿ
ತಾ. 21-5-1989

ಚಿರಂಜೀವಿ ಸೌಭಾಗ್ಯವತಿ ಲಾನವ್ವಳಿಗೆ ನಿನ್ನ ಅವ್ವ ಪುತಳಾಬಾಯಿಯ ಆಶೀರ್ವಾದ.

ಕಾಗದ ತಡವಾಯಿತು, ಸಿಟ್ಟಾಗಬೇಡ. "ನಾವೆಲ್ಲ ಇಲ್ಲಿ ಆರಾಮ" ಎಂಬ ಸಾಲಿನಿಂದ ಶುರು ಮಾಡುವುದು ನನ್ನ ರೂಢಿ. ಈ ಸಲ ಆ ಸಾಲು ಬರೆಯಲು ಕೈ ಏಳಲಿಲ್ಲ. ಸುಳ್ಳು ಬರೆದರೆ ನೀನು ನನ್ನ ಅಕ್ಷರ ನೋಡಿಯೇ ಹಿಡಿಯುತ್ತೀ. ನಿಜ ಬರೆದರೆ ಎಳೆಗೂಸು ಕಟ್ಟಿಕೊಂಡು ರಾಯಚೂರಿನಿಂದ ಈ ಬಿಸಿಲಿನಲ್ಲಿ ಓಡಿ ಬರುತ್ತೀ ಎಂದು ನಿನ್ನ ಸೋದರಮಾವ ಕಲ್ಯಾಣಪ್ಪ ತಡೆದ. ಇನ್ನು ತಡೆಯುವುದು ಸರಿಯಲ್ಲ ಎಂದು ಬರೆಯುತ್ತಿದ್ದೇನೆ.

ನಿಮ್ಮಪ್ಪನಿಗೆ ಲಕ್ವಾ ಹೊಡೆದಿದೆ. ಗಾಬರಿಯಾಗಬೇಡ, ಜೀವಕ್ಕೆ ಭಯವಿಲ್ಲ ಎಂದಿದ್ದಾರೆ. ಬಸವ ಜಯಂತಿ ಆದ ಮರುದಿನ ನಮ್ಮ ನಬಿಸಾಬ್‌ಗೆ ಹಲ್ಲಿನ ಸೆಟ್ ಕೂಡಿಸುತ್ತಿದ್ದರಂತೆ. ಸೆಟ್ ಕೈಯಿಂದ ಜಾರಿ ಬಿತ್ತು, ಹಿಂದೆಯೇ ಇವರೂ ಕುರ್ಚಿಯ ಮೇಲೆ ವಾಲಿದರು. ನಬಿಸಾಬ್ ಒಳಗೆ ಓಡಿ ಬಂದು ಕೂಗಿದರೆ, ಹಲ್ಲಿಲ್ಲದ ಬಾಯಲ್ಲಿ ಅವರು ಏನನ್ನುತ್ತಿದ್ದಾರೆಂದೇ ನನಗೆ ತಿಳಿಯಲಿಲ್ಲ. ಈಗ ನೆನೆಸಿಕೊಂಡರೆ ನಗು ಬರುತ್ತದೆ. ಆಗ ಬರಲಿಲ್ಲ.

ಬಲಗೈ ಏಳುವುದಿಲ್ಲ, ಕಾಲು ಎಳೆಯುತ್ತಾರೆ. ಅದನ್ನೆಲ್ಲ ತಡೆದುಕೊಳ್ಳಬಹುದು. ತಡೆದುಕೊಳ್ಳಲಾಗದ್ದು ಬೇರೆ ಇದೆ. ನಿಮ್ಮಪ್ಪನ ಕನ್ನಡ ಹೋಗಿದೆ, ಲಾನವ್ವಾ. ದಖನಿ ಉರ್ದುವೂ ಹೋಗಿದೆ. ಬಾಯಲ್ಲಿ ಉಳಿದದ್ದು ಅವರು ಹುಟ್ಟಿದ ಊರಿನ ಚೀನೀ ಮಾತು ಒಂದೇ. ಜೇವರ್ಗಿ ಕಾಲೋನಿಯ ಡಾಕ್ಟರು ನನ್ನನ್ನು ಕೂರಿಸಿಕೊಂಡು ಹೇಳಿದರು: "ಬಾಯಾರ, ಕೆಲವರಿಗೆ ಹಿಂಗ ಆಗ್ತದ. ಆಮ್ಯಾಲ ಕಲ್ತದ್ದು ಅಳಿಸಿ ಹೋಗ್ತದ, ತಾಯಿ ಮಡಿಲಾಗ ಕಲ್ತದ್ದು ಉಳೀತದ. ಹೋದದ್ದು ತಿರುಗಿ ಬಂದರ ಬರಬಹುದು, ಇಲ್ಲಂದ್ರ ಇಲ್ಲ."

ಇಡೀ ಕಲಬುರ್ಗಿಯಲ್ಲಿ ಆ ಮಾತು ತಿಳಿಯುವವರು ಯಾರಿದ್ದಾರೆ? ಅವರು ಹಾಸಿಗೆಯಲ್ಲಿ ಕೂತು ನನ್ನ ಮುಖ ನೋಡಿ ಉದ್ದಕ್ಕೆ ಏನೋ ಹೇಳುತ್ತಾರೆ, ಉತ್ತರಕ್ಕೆ ಕಾಯುತ್ತಾರೆ. ನಾನು "ಹೂಂ ರೀ, ಹೌದ್ರಿ" ಎನ್ನುತ್ತೇನೆ. ಏನೇನು ಒಪ್ಪಿಕೊಂಡಿದ್ದೇನೋ ದೇವರಿಗೇ ಗೊತ್ತು. ಒಮ್ಮೆ ಹೀಗೆ "ಹೌದ್ರಿ" ಎಂದಾಗ ಕಣ್ಣಲ್ಲಿ ನೀರು ತಂದುಕೊಂಡು ಗೋಡೆಗೆ ತಿರುಗಿದರು. "ಅಲ್ಲ" ಎನ್ನಬೇಕಾಗಿತ್ತೇನೋ.

ನಿನಗೆ ಗೊತ್ತಿರುವ ಕಥೆಯೇ, ಆದರೂ ಬರೆಯುತ್ತೇನೆ. ಈಗ ಹೇಳಲು ಅವರಿಗೆ ಬಾಯಿಲ್ಲ. ಅವರಪ್ಪ ಕಾಗದದ ಹೂ ಮಾರುತ್ತ, ಹಲ್ಲು ಕಟ್ಟುತ್ತ, ಊರೂರು ತಿರುಗಿ ಮಗನ ಕೈಹಿಡಿದುಕೊಂಡು ಹೈದರಾಬಾದಿಗೆ ಬಂದು, ಅಲ್ಲಿಂದ ಇಲ್ಲಿಗೆ ಬಂದವರು. ಮನೆತನದ ಹೆಸರು ಹೂ, ಇವರ ಹೆಸರು ತೆಮಿಂಗ್. ನಮ್ಮ ಜನಕ್ಕೆ ತೆಮಿಂಗ್ ಯಾಕೆ ಬೇಕು? ಹೂವಪ್ಪ ಡಾಕ್ಟರ್ ಎಂದು ಕರೆದು ಮುಗಿಸಿದರು. ನಮ್ಮಪ್ಪ ನನ್ನ ದವಡೆ ಹಲ್ಲು ಕೀಳಿಸಲು ಕಮಲಾಪುರದಿಂದ ಕರೆದುಕೊಂಡು ಬಂದ. ಹಲ್ಲು ಬಿಟ್ಟು ಹೋಗಬೇಕಾದವಳು ನಾನೇ ಇಲ್ಲಿ ಉಳಿದೆ. ಎರಡು ವರ್ಷ ಊರಲ್ಲಿ ನನ್ನನ್ನು ಯಾರೂ ಅರಿಸಿನ-ಕುಂಕುಮಕ್ಕೆ ಕರೆಯಲಿಲ್ಲ. ಆಮೇಲೆ ಕರೆಯದವರಿಗೂ ಹಲ್ಲುನೋವು ಬಂತು, ತಾವೇ ಬಂದರು.

ಈಗ ಬಜೆಯ ವಿಷಯ. ಬಾಗಿಲ ಪಕ್ಕದ ಕಲ್ಲುಬಾನಿ ನಿನಗೆ ನೆನಪಿರಬೇಕು. ಒಳಗೆ ಹಳ್ಳದ ಹರಳು, ಮೇಲೆ ಬೊಗಸೆ ನೀರು, ಚಿಟಿಕೆ ಮಣ್ಣಿಲ್ಲ. ಅಷ್ಟರಲ್ಲೇ ಬಜೆ ಹಸಿರಾಗಿ ನಿಂತಿದೆ. ನಿನ್ನ ಮುತ್ತಜ್ಜ ತಾವೋ ಪಂಥದ ಗುಡಿಯಲ್ಲಿ ಔಷಧ ಅರೆಯುತ್ತಿದ್ದವರು. ತಾವೋ ಅಂದರೇನು ಎಂದು ಮದುವೆಯಾದ ಹೊಸದರಲ್ಲಿ ನಿಮ್ಮಪ್ಪನನ್ನು ಕೇಳಿದ್ದೆ. "ನೀರು ಹೋಗೋ ಹಾದಿ ಅದ ನೋಡು, ಅದು" ಎಂದಿದ್ದರು. "ನಮ್ಮ ಶಹಾಬಜಾರದ ನೀರು ಗಟಾರಕ್ಕ ಹೋಗ್ತದ್ರಿ" ಎಂದೆ. "ಅಲ್ಲಿಗೂ ಹೋಗ್ತದ. ಅದಕ್ಕೇ ನೀರು ದೊಡ್ಡದು" ಎಂದು ನಕ್ಕಿದ್ದರು.

ಆ ಗುಡಿಯವರ ಲೆಕ್ಕದಲ್ಲಿ ಪ್ರತಿ ಗಿಡವೂ ಎರಡು ಕೆಲಸ ಮಾಡುತ್ತದೆ, ಒಂದು ಮೈಗೆ, ಇನ್ನೊಂದು ಮನಸ್ಸಿಗೆ. ಬಜೆ ಮೈಗೆ ಕಫ ಕರಗಿಸುತ್ತದೆ. ಮನಸ್ಸಿನ ಮಟ್ಟಿಗೆ ಹೇಳುವುದಾದರೆ, ಎದೆಗೆ ಏಳು ಕಿಂಡಿ ಇವೆಯಂತೆ, ಅವು ಮುಚ್ಚಿಕೊಂಡರೆ ಬಜೆ ತೆರೆಯುತ್ತದಂತೆ. ಮಣ್ಣು ಕೇಳದೆ, ಕಲ್ಲು ನೀರಿನಲ್ಲೇ ಶುಚಿಯಾಗಿ ಇರುವ ಗಿಡವಾದ್ದರಿಂದ ಅದಕ್ಕೆ ಆ ಅಧಿಕಾರ. ನಾನು ಇದನ್ನು ಪೂರ್ತಿ ನಂಬಿದವಳಲ್ಲ. ಆದರೆ ಕೂಸಿನ ನಾಲಿಗೆಗೆ ಬಜೆ ಹಚ್ಚಿದರೆ ಮಾತು ಚೆನ್ನಾಗಿ ಬರುತ್ತದೆಂದು ನಮ್ಮವ್ವ ನನಗೆ ಹಚ್ಚಿದ್ದಳು, ನಾನು ನಿನಗೆ ಹಚ್ಚಿದ್ದೆ. ನಿನ್ನ ಮಾತಿನ ಹರಿತ ನೋಡಿದರೆ ಸ್ವಲ್ಪ ಹೆಚ್ಚೇ ಹಚ್ಚಿದೆನೇನೋ.

ಲಕ್ವಾ ಹೊಡೆದಾಗಿನಿಂದ ನಿಮ್ಮಪ್ಪ ಎಡಗೈಯಿಂದ ಆ ಬಾನಿಯ ಕಡೆಗೇ ತೋರಿಸುತ್ತಾರೆ. ಬಜೆ ಕೇಳುತ್ತಿದ್ದಾರೆ, ನಾಲಿಗೆಗೆ ಬೇಕಾಗಿದೆ ಎಂದು ನನಗೆ ಅನ್ನಿಸಿತು. ಒಣಗಿದ ಬೇರು ತಂದು ಸಾಣೆಕಲ್ಲಿನ ಮೇಲೆ ತೇಯ್ದು, ಜೇನು ಕೂಡಿಸಿ, ಅವರ ತಲೆ ನನ್ನ ತೊಡೆಯ ಮೇಲೆ ಇಟ್ಟುಕೊಂಡು, ನಿನಗೆ ಹಚ್ಚಿದ ಹಾಗೆಯೇ ಬೆರಳಿನಿಂದ ನಾಲಿಗೆಗೆ ಹಚ್ಚಿದೆ. ಮುಖ ಕಿವುಚಿದರು, ಉಗುಳಲಿಲ್ಲ. ನನ್ನ ಸೆರಗಿನ ಚುಂಗು ಹಿಡಿದುಕೊಂಡು ಬಹಳ ಹೊತ್ತು ಹಾಗೇ ಮಲಗಿದರು. ಕನ್ನಡ ಬರಲಿಲ್ಲ. ಅಂದಿನಿಂದ ನನ್ನನ್ನು ಒಂದು ಹೊಸ ಮಾತಿನಿಂದ ಕರೆಯಲು ಶುರು ಮಾಡಿದ್ದಾರೆ. ಇರಲಿ, ಅದನ್ನು ಇನ್ನೊಮ್ಮೆ ಬರೆಯುತ್ತೇನೆ.

ಲಾನವ್ವಾ, ಆ ಮಾತು ಕಲಿತವಳು ನೀನೊಬ್ಬಳೇ. ಶಾಲೆಗೆ ಹೋಗುವ ಮೊದಲು ಅಪ್ಪ ಒರಳಿನಲ್ಲಿ ಕುಟ್ಟುವಾಗ ನೀನು ಎದುರು ಕೂತು ಒಂದೊಂದು ಏಟಿಗೆ ಒಂದೊಂದು ಗಿಡದ ಹೆಸರು ಹಾಡುತ್ತಿದ್ದೆ. ಬಂದು ಅವರು ಏನು ಹೇಳುತ್ತಿದ್ದಾರೆ ಕೇಳು. ಮೃಗಶಿರಾ ಮಳೆ ಬಿದ್ದು ತಂಪಾದ ಮೇಲೆಯೇ ಬಾ, ಆದರೆ ಬಾ.

ಅಳಿಯಂದಿರಿಗೆ ಆಶೀರ್ವಾದ, ನಿಮ್ಮ ಅತ್ತೆಯವರಿಗೆ ನಮಸ್ಕಾರ, ಕೂಸಿಗೆ ಮುತ್ತು.

ನಿನ್ನ ಅವ್ವ
ಪುತಳಾಬಾಯಿ


ಕಮಲಾಪುರ
ತಾ. 31-5-1989

ಲಾನವ್ವಳಿಗೆ ಅವ್ವನ ಆಶೀರ್ವಾದ.

ನಿನ್ನ ಕಾಗದ ಬಂತು. ಕಾಗದ ದೊಡ್ಡದು, ಬರೆದದ್ದು ನಾಲ್ಕು ಸಾಲು. ಅಪ್ಪನಿಗಾಗಿ ಅತ್ತಿದ್ದೀ ಎಂಬುದು ಮಸಿ ಹರಡಿದ್ದರಿಂದ ತಿಳಿಯಿತು. "ಆ ಮಾತೆಲ್ಲ ಮರೆತು ಹೋಗಿದೆ ಅವ್ವ, ನಾನು ಬಂದು ಸುಮ್ಮನೆ ಕೂತರೆ ಅಪ್ಪನಿಗೆ ಇನ್ನೂ ನೋವಾಗುತ್ತದೆ" ಎಂದು ಬರೆದಿದ್ದೀ. ನಿನ್ನನ್ನು ಬಯ್ಯಬೇಕೆಂದು ಲೇಖನಿ ಹಿಡಿದೆ, ಬಯ್ಯಲು ಮನಸ್ಸಾಗಲಿಲ್ಲ. ಯುದ್ಧದ ವರ್ಷ ನೀನು ಶಾಲೆಗೆ ಸೇರಿದ್ದು. ಮಕ್ಕಳು ನಿನ್ನ ಕಣ್ಣು ತೋರಿಸಿ "ಚೀನಾ, ಚೀನಾ" ಎಂದು ಹಿಂದೆ ಬಿದ್ದದ್ದು, ನೀನು ಮನೆಗೆ ಬಂದು ಪಾಟಿ ಎಸೆದು "ನಾ ಇನ್ನ ಕನ್ನಡಾನೇ ಮಾತಾಡ್ತೀನಿ" ಎಂದದ್ದು, ಅಪ್ಪ ಒರಳು ನಿಲ್ಲಿಸಿ "ಹಂಗೇ ಆಗಲಿ ಮಗಾ" ಎಂದದ್ದು, ಎಲ್ಲ ನನಗೆ ನೆನಪಿದೆ. ಅವತ್ತಿನಿಂದ ಅವರಿಗೂ ಮನೆಯಲ್ಲಿ ಆ ಮಾತಾಡಲು ಜೊತೆ ಇರಲಿಲ್ಲ. ಒಂದು ದಿನವೂ ಅದನ್ನು ಕೊರತೆ ಎಂದು ಹೇಳಿಕೊಳ್ಳಲಿಲ್ಲ.

ಮೊದಲು ಸುದ್ದಿ. ಶಹಾಬಜಾರದ ಮನೆ ಕಾದ ಹಂಚಾಗಿತ್ತು, ಅದಕ್ಕೆ ಕಲ್ಯಾಣಪ್ಪ ಜೀಪು ತಂದು ನಮ್ಮನ್ನು ಇಲ್ಲಿಗೆ ಕರೆತಂದ. ನಿಮ್ಮಪ್ಪ ಹೊಸ್ತಿಲು ದಾಟಲು ಒಪ್ಪಲಿಲ್ಲ, ಬಾನಿ ಹಿಡಿದುಕೊಂಡು ನಿಂತರು. ಕಲ್ಯಾಣಪ್ಪ ಸೊಂಟಕ್ಕೆ ಕೈಯಿಟ್ಟು, "ಅಕ್ಕಾ, ಮಾವ ಬರ್ತಾನೋ ಬಾನಿ ಬರ್ತದೋ, ಮೊದಲ ಹೇಳಿಬಿಡು" ಎಂದ. ಕಡೆಗೆ ಇಬ್ಬರೂ ಬಂದರು. ದಾರಿಯುದ್ದಕ್ಕೂ ನೀರು ತುಳುಕಿ ನನ್ನ ಸೀರೆ ತೊಯ್ದು ಹೋಯಿತು. ಈಗ ಬಾವಿಯ ಪಕ್ಕ, ಕೆಂಪು ಬಾಳೆಯ ನೆರಳಿನಲ್ಲಿ ಮಂಚ ಹಾಕಿಕೊಟ್ಟಿದ್ದಾರೆ. ಕಲ್ಯಾಣಪ್ಪನ ಹೆಂಡತಿ ದುಂಡಮ್ಮ ಜೋಳದ ನುಚ್ಚಿನ ಗಂಜಿ ಮಾಡಿಕೊಡುತ್ತಾಳೆ. ಚೆನ್ನಾಗಿ ಉಣ್ಣುತ್ತಾರೆ.

ಇಲ್ಲಿಗೆ ಬಂದರೂ ಬಾನಿ ತೋರಿಸುವುದು ನಿಲ್ಲಲಿಲ್ಲ. ಬಜೆ ತೇಯ್ದು ಕೊಟ್ಟರೆ ಈಗ ತಲೆ ಅಲ್ಲಾಡಿಸುತ್ತಾರೆ. ಅದಲ್ಲ, ಬೇರೆ ಏನೋ. ಮೊನ್ನೆ ಸೂಪರ್ ಮಾರ್ಕೆಟ್ಟಿನ ಗಿಡಮೂಲಿಕೆ ಅಂಗಡಿಯ ಬುರ್ಹಾನುದ್ದೀನ್ ಭಾಯಿ ಹುಮನಾಬಾದ್ ಬಸ್ಸು ಹತ್ತಿ ನೋಡಲು ಬಂದರು. ನಿಮ್ಮಪ್ಪನೂ ಅವರೂ ಎಷ್ಟು ವರ್ಷದ ಗೆಳೆಯರೆಂದು ನಿನಗೆ ಗೊತ್ತೇ ಇದೆ. "ಭಾಬಿ, ಮಾತ್ ಹೋದರ ಹೋಗಲಿ, ಮೂಗು ಅದ ಅಲ್ಲ? ಮೂಗಿಗೆ ಯಾವ ಜಬಾನೂ ಬೇಕಿಲ್ಲ" ಎಂದು ಹೇಳಿ, ಅಂಗಡಿಯ ಅರ್ಧ ಸಾಮಾನನ್ನು ಪುಡಿಕೆ ಕಟ್ಟಿ ತಂದಿದ್ದರು. ಒಂದೊಂದೇ ಬಿಚ್ಚಿ ನಿಮ್ಮಪ್ಪನ ಮೂಗಿನ ಹತ್ತಿರ ಹಿಡಿದರು.

ಜ್ಯೇಷ್ಠಮಧು, ಬೇಡ. ಅಳಲೆಕಾಯಿ, ಬೇಡ. ಒಣಗಿದ ಸೇವಂತಿಗೆ ಹಿಡಿದಾಗ ಸ್ವಲ್ಪ ನಕ್ಕರು. ಚಳಿ ಬೀಳುವ ಕಾಲದಲ್ಲಿ ಎಲ್ಲ ಹೂ ಮುಗಿದ ಮೇಲೆ ಅರಳುವ ಹೂ, ಮುದುಕರ ಹೂ ಎಂದು ಅದನ್ನು ನೀರಿಗೆ ಹಾಕಿ ಕುಡಿಯುತ್ತಿದ್ದರಲ್ಲ, ಅದು ನೆನಪಾಗಿರಬೇಕು. ಆದರೆ ಅದೂ ಬೇಡ. ಪುಡಿಕೆಗಳೆಲ್ಲ ಮುಗಿದವು. ಬುರ್ಹಾನುದ್ದೀನ್ ಭಾಯಿ ಸೋತು, "ಹೂವಪ್ಪಾ, ನಿನಗ ಏನ್ ಬೇಕಪ್ಪಾ, ನನ್ನ ಅಂಗಡಿಗಿ ಮರ್ಯಾದಿ ಇಡು" ಎಂದು ಗೋಗರೆದರು. ಆಗ ದುಂಡಮ್ಮ ದೇವರಿಗೆ ಮಾಲೆ ಕಟ್ಟಲು ಮಾಚಿಪತ್ರೆ ಕೊಯ್ದುಕೊಂಡು ನಮ್ಮ ಮುಂದೆ ಹಾಯ್ದಳು. ನಿಮ್ಮಪ್ಪ ಎಡಗೈ ಚಾಚಿ ಅವಳ ಬುಟ್ಟಿಯನ್ನೇ ಹಿಡಿದುಬಿಟ್ಟರು.

ಮಾಚಿಪತ್ರೆ ಒಂದು ಕೈಯಲ್ಲಿ, ಇನ್ನೊಂದರಲ್ಲಿ ಏನೂ ಇಲ್ಲ, ಕಣ್ಣು ಬಾನಿಯ ಕಡೆ. ಆಗ ನನ್ನ ತಲೆಗೆ ಹೊಳೆಯಿತು, ಲಾನವ್ವಾ. ಜ್ಯೇಷ್ಠ ಹತ್ತಿರ ಬಂತು! ನಮ್ಮ ಬಾಗಿಲಿಗೆ ವರ್ಷವರ್ಷವೂ ಜ್ಯೇಷ್ಠ ಶುದ್ಧ ಪಂಚಮಿಗೆ ಅವರು ಏನು ಕಟ್ಟುತ್ತಿದ್ದರು? ಬಜೆಯ ಎಲೆ ಕತ್ತಿ, ಮಾಚಿಪತ್ರೆ ಹುಲಿ. ಮಳೆಗಾಲದ ಜೊತೆ ಜಡ್ಡು ಬರುತ್ತದೆ, ಅದು ಮನೆಗೆ ನುಗ್ಗದ ಹಾಗೆ ಕತ್ತಿ ಹಿಡಿದು ಹುಲಿಯ ಮೇಲೆ ಕೂತ ಕಾವಲುಗಾರ ಬಾಗಿಲಲ್ಲಿ ಇರಬೇಕು ಎಂದು ಅವರ ಗುಡಿಯ ಪದ್ಧತಿ. ನಾನು ಅದರ ಪಕ್ಕದಲ್ಲೇ ಮಾವಿನ ತೋರಣ ಕಟ್ಟುತ್ತಿದ್ದೆ. ಓಣಿಯವರು "ಹೂವಪ್ಪ ಡಾಕ್ಟರ್ ಮನಿಯಾಗ ಎರಡೆರಡು ಹಬ್ಬ" ಎನ್ನುತ್ತಿದ್ದರು. ನಾವೆಲ್ಲ ಸೇರಿ ಅವರು ಔಷಧ ಕೇಳುತ್ತಿದ್ದಾರೆಂದು ನಾಲಿಗೆಗೆ ತೇಯ್ದದ್ದೇ ತೇಯ್ದದ್ದು. ಪಾಪ, ಅವರು ಹಬ್ಬ ಕೇಳುತ್ತಿದ್ದರು.

ನಾನು ಎರಡು ಬಜೆ ಎಲೆ ಕೊಯ್ದು ಕೈಗೆ ಕೊಟ್ಟೆ. ಉದ್ದವಾದದ್ದನ್ನು ಮಡಿಲಲ್ಲಿ ಇಟ್ಟುಕೊಂಡರು. ಇನ್ನೊಂದನ್ನು ಹಲ್ಲಿನಿಂದ ಕಚ್ಚಿ ಹಿಡಿದು, ಎಡಗೈಯಿಂದ ಕತ್ತರಿ ಹಾಕಿ, ಒಂದು ಸಣ್ಣ ಕತ್ತಿ ಮಾಡಿದರು. ನನ್ನ ಕಿರುಬೆರಳಿನಷ್ಟು. ಮಾಚಿಪತ್ರೆಯ ಒಂದು ಕುಡಿ ಅದಕ್ಕೆ ಸುತ್ತಿ ನನ್ನ ಮುಂದೆ ಹಿಡಿದು, ತೋಳು ತೂಗಿ ತೋರಿಸಿದರು. ಕೂಸು ತೂಗುವ ಹಾಗೆ.

ಅದು ನಿನ್ನ ಮಗಳಿಗೆ.

ತೊಟ್ಟಿಲ ದಿನ ಅವರು ಸಣ್ಣ ಕಲ್ಲಿನ ಬಟ್ಟಲಲ್ಲಿ ಬಜೆ ಇಟ್ಟುಕೊಂಡು ರಾಯಚೂರಿಗೆ ಬಂದಿದ್ದರು. ನಿಮ್ಮತ್ತೆಯ ಕಡೆಯವರು ಇದೇನು ಎಂದು ಕೇಳಿದಾಗ ನೀನು "ಏನಿಲ್ರಿ, ನಮ್ಮಪ್ಪಂದು ಏನೋ" ಎಂದು ಅದನ್ನು ಬಚ್ಚಲ ಕಟ್ಟೆಗೆ ಸರಿಸಿದೆ. ಅದನ್ನೇ ಕಂಕುಳಲ್ಲಿ ಇಟ್ಟುಕೊಂಡು ರೈಲಿನಲ್ಲಿ ವಾಪಸು ತಂದರು. ವಾಡಿ ಸ್ಟೇಷನ್ನಿನಲ್ಲಿ ಅದಕ್ಕೆ ನೀರು ಹಾಕಿದರು. ನಾನು ನಿನ್ನ ಮೇಲೆ ಸಿಡಿಮಿಡಿಗೊಂಡೆ. ಅವರು ಮಾತ್ರ ಅಂದದ್ದು ಇಷ್ಟು: "ಪುತಳಾ, ಅಕಿ ಹೆಸರ ಏನು? ಲಾನ್. ಯಾರೂ ಇಲ್ಲದ ಕಣಿವ್ಯಾಗ ಅರಳೋ ಹೂ. ಘಮ ತಾನ ಬರ್ತದ, ನಾವು ಜಗ್ಗಬಾರದು." ನಾನು ಜಗ್ಗುವ ಜಾತಿಯವಳು, ಅದಕ್ಕೆ ಬರೆಯುತ್ತಿದ್ದೇನೆ.

ಹಿತ್ತಲ ಗಿಡ ಮದ್ದಲ್ಲ ಎಂದು ಗಾದೆ. ನಿನಗೆ ಅಪ್ಪ ಹಿತ್ತಲ ಗಿಡವಾದರು, ಅಷ್ಟೇ. ಮಾತು ಮರೆತಿದ್ದರೆ ಮರೆತಿರಲಿ. ಬಂದು ಕೂತುಕೋ. ಪಂಚಮಿ ಮುಂದಿನ ವಾರ, ಗುರುವಾರ. ನೀನು ಬಾರದಿದ್ದರೆ ಸಣ್ಣ ಕತ್ತಿಯನ್ನು ಬುರ್ಹಾನುದ್ದೀನ್ ಭಾಯಿಯ ಕೈಯಲ್ಲಿ ಕಳಿಸುತ್ತೇನೆ. ಈ ಸಲ ತೊಟ್ಟಿಲಿಗೆ ಕಟ್ಟು. ಬಾಡಿ ಹೋಗಿದ್ದರೂ ಕಟ್ಟು.

ಮಳೆ ಮೋಡ ಕಾಣುತ್ತಿದೆ, ಇನ್ನೂ ಬಿದ್ದಿಲ್ಲ. ಕೂಸಿಗೆ ಹಲ್ಲು ಬರುತ್ತಿದ್ದರೆ ಬರೆ, ಅಜ್ಜನಿಗೆ ತೋರಿಸಿ ಹೇಳುತ್ತೇನೆ. ಹಲ್ಲಿನ ವಿಷಯ ಅವರಿಗೆ ಯಾವ ಭಾಷೆಯಲ್ಲಾದರೂ ತಿಳಿಯುತ್ತದೆ.

ನಿನ್ನ ಅವ್ವ
ಪುತಳಾಬಾಯಿ


ಕಮಲಾಪುರ
ತಾ. 22-6-1989

ನನ್ನ ಮುದ್ದಿನ ಲಾನವ್ವಳಿಗೆ ಅವ್ವನ ಆಶೀರ್ವಾದ.

ನೀನು ಹೋದ ಮೇಲೆ ಬರೆಯುತ್ತೇನೆಂದವಳು ಕಾರಹುಣ್ಣಿಮೆ ದಾಟಿಸಿದೆ. ಎತ್ತುಗಳಿಗೆ ಬಣ್ಣ ಬಳಿಯುವವರೆಲ್ಲ ಅಂಗಳದಲ್ಲಿ, ನಿಮ್ಮಪ್ಪನೂ ಅವರ ನಡುವೆ. ಎಡಗೈಗೆ ಕುಂಚ ಕೊಟ್ಟರೆ ಎತ್ತಿನ ಕೊಂಬಿಗೆ ಬಳಿಯುವುದನ್ನು ಬಿಟ್ಟು ಕಲ್ಯಾಣಪ್ಪನ ಮೀಸೆಗೆ ಬಳಿದರು. ಕಲ್ಯಾಣಪ್ಪ "ಮಾತು ಹೋದರೂ ಮಂಗ್ಯಾತನ ಹೋಗಿಲ್ಲ" ಎಂದ. ಎಲ್ಲರೂ ನಕ್ಕೆವು. ಆದ್ದರಿಂದ ಈ ಸಲ ಮೊದಲ ಸಾಲು ಬರೆಯಬಹುದು: ನಾವೆಲ್ಲ ಇಲ್ಲಿ ಆರಾಮ.

ನೀನು ಬಂದೆಯಲ್ಲ, ನನಗೆ ಅಷ್ಟೇ ಸಾಕಾಗಿತ್ತು. ಅಳಿಯಂದಿರು ತಲೆಯ ಮೇಲೆ ಟವೆಲ್ ಹಾಕಿಕೊಂಡು, ನೀನು ಕೂಸನ್ನು ಸೆರಗಿನಲ್ಲಿ ಮುಚ್ಚಿಕೊಂಡು, ಬಸ್ ಸ್ಟ್ಯಾಂಡಿನಿಂದ ಮೊದಲ ಮಳೆಯಲ್ಲಿ ತೊಯ್ದುಕೊಂಡು ಬಂದಿರಿ. ಆಮೇಲೆ ನಡೆದದ್ದು ನಿನಗೆ ಗೊತ್ತು. ಆದರೆ ನೀನು ಅಪ್ಪನ ಕಡೆ ಮುಖ ಮಾಡಿ ಕೂತಿದ್ದೆ, ನಾನು ಬಾಳೆಗಿಡದ ಹತ್ತಿರ ಚಹಾದ ಕಪ್ಪು ಹಿಡಿದು ನಿಂತಿದ್ದೆ. ನನಗೆ ಕಂಡದ್ದನ್ನು ನೀನು ಕಂಡಿರಲಾರೆ, ಅದನ್ನು ಬರೆಯುತ್ತೇನೆ.

ಅವರು ಮೊದಲು ಬಹಳ ಮಾತಾಡಿದರು. ನೀನು ತಲೆ ಕೆಳಗೆ ಹಾಕಿ, "ಅಪ್ಪಾ, ನನಗ ತಿಳೀವಲ್ದು, ಎಲ್ಲಾ ಮರೆತೀನಿ ಅಪ್ಪಾ" ಎಂದು ಅತ್ತೆ. ನಿನ್ನ ಕನ್ನಡ ಅವರಿಗೆ ತಿಳಿಯಲಿಲ್ಲ, ಅಳು ತಿಳಿಯಿತು. ಮಂಚದ ಪಟ್ಟಿಯ ಮೇಲೆ ಎಡಗೈಯ ಮುಷ್ಟಿಯಿಂದ ಒಮ್ಮೆ ಕುಟ್ಟಿದರು. ಒರಳಿನಲ್ಲಿ ಕುಟ್ಟುವ ಹಾಗೆ. "ಚಾಂಗ್‌ಪು" ಎಂದರು. ಬಜೆ. ಮತ್ತೊಂದು ಸಲ ಕುಟ್ಟಿ ಸುಮ್ಮನೆ ಕಾದರು. ನೀನು ತಲೆ ಎತ್ತಲೇ ಇಲ್ಲ, ಆದರೆ ನಿನ್ನ ಬಾಯಿ "ಆಯ್" ಎಂದಿತು. ಮಾಚಿಪತ್ರೆ. ನೀನು ಹೇಳಿದ್ದಲ್ಲ ಅದು, ನಿನ್ನೊಳಗೆ ಪಾಟಿ ಎಸೆದು ಮುನಿಸಿಕೊಂಡು ಕೂತಿದ್ದ ಹುಡುಗಿ ಹೇಳಿದ್ದು. ಆಮೇಲೆ ಅವರು ಒಂದು, ನೀನು ಒಂದು. ಜೂಹ್ವಾ, ಫೂಲಿಂಗ್, ಇನ್ನೇನೇನೋ. ಗಿಡಗಳ ಹೆಸರು ಬಿಟ್ಟರೆ ಬೇರೆ ಒಂದು ಮಾತೂ ಇಲ್ಲ. ನೀವಿಬ್ಬರೂ ಅಷ್ಟರಲ್ಲೇ ಜಗಳ ಮಾಡಿದಿರಿ, ರಾಜಿಯಾದಿರಿ, ನಕ್ಕಿರಿ. ನೀನು ಒಂದು ಹೆಸರು ತಪ್ಪು ಹೇಳಿದಾಗ ಅವರು ನಿನ್ನ ಕಿವಿ ಹಿಡಿದರು. ಮೂವತ್ತೆರಡರ ಹೆಂಗಸಿನ ಕಿವಿ!

ಕೂಸು ಬಾನಿಯ ನೀರಿಗೆ ಕೈ ಹಾಕಿ ಹರಳು ಬಾಯಿಗೆ ಇಟ್ಟುಕೊಂಡದ್ದು, ಅಳಿಯಂದಿರು ಓಡಿದ್ದು, ಅವರು ಬೆರಳು ಹಾಕಿ ಹರಳು ತೆಗೆಯುವಾಗ ಕೆಳಗಿನ ವಸಡಿನಲ್ಲಿ ಅಕ್ಕಿಕಾಳಿನಂಥ ಹಲ್ಲು ಸಿಕ್ಕಿದ್ದು ನನಗೆ ಮರೆಯುವಂತಿಲ್ಲ. ನಿಮ್ಮಪ್ಪ ಅದನ್ನು ಮುಟ್ಟಿ ನೋಡಿದ ರೀತಿ ನೋಡಿದೆಯಾ? ಊರಿಗೆಲ್ಲ ಹಲ್ಲು ಕಟ್ಟಿದ ಕೈ, ತಾನಾಗಿ ಬಂದ ಹಲ್ಲನ್ನು ಮತ್ತೆ ಮತ್ತೆ ಸವರಿತು. ಸಣ್ಣ ಕತ್ತಿಯನ್ನು ಕೂಸಿನ ಉಡಿದಾರಕ್ಕೆ ನೀನೇ ಕಟ್ಟಿದೆ. ಹೊರಡುವಾಗ ನೀನೇ "ಅಪ್ಪಾ, ನನಗ ಒಂದು ಗಡ್ಡಿ ಕೊಡು" ಎಂದು ಸನ್ನೆ ಮಾಡಿ ಕೇಳಿದೆ. ಅವರು ತಾಯಿ ಗಡ್ಡೆಯನ್ನು ಮುಟ್ಟದೆ ಅಂಚಿನ ಮರಿಗಡ್ಡೆ ಬಿಡಿಸಿ, ಹರಳು ಸಮೇತ ನಿನ್ನ ಟಿಫಿನ್ ಡಬ್ಬಿಗೆ ಇಟ್ಟರು. ಅದನ್ನು ನಿಮ್ಮತ್ತೆ ತಾವಾಗಿಯೇ ತುಳಸಿಕಟ್ಟೆಯ ಪಕ್ಕ ಇಡಿಸಿದರೆಂದು ಬರೆದಿದ್ದೀ. ಅವರಿಗೆ ನನ್ನ ವಿಶೇಷ ನಮಸ್ಕಾರ ತಿಳಿಸು. ನೀರು ಮಾತ್ರ ದಿನಾ ಬದಲಿಸು, ಮಣ್ಣು ಹಾಕಬೇಡ.

ಇನ್ನೊಂದು ನಗುವ ಸುದ್ದಿ. ಇಲ್ಲಿ ಬಾವಿಯ ಹತ್ತಿರದ ಹುಣಸೆಮರದ ಬುಡದಲ್ಲಿ ಒಂದು ಕೆಂಪು ಮರದಣಬೆ ಎದ್ದಿದೆ, ಮೋಡದ ಆಕಾರ. ಹಿಂದೊಮ್ಮೆಯೂ ಇದೇ ಮರಕ್ಕೆ ಬಂದಿತ್ತು, ನಿನ್ನ ಮದುವೆಗೆ ಮೊದಲು. ಆಗ ನಿಮ್ಮಪ್ಪ ಅದರ ಮುಂದೆ ಕೈಮುಗಿದು ನಿಂತು, ಇದು ಆಸೆ ಇಟ್ಟುಕೊಂಡು ಹುಡುಕುವವರಿಗೆ ಕಾಣುವುದಿಲ್ಲ, ಸಾವಿರ ವರ್ಷ ಬದುಕಿದ ಸಿದ್ಧರ ಊಟ ಇದು ಎಂದಿದ್ದರು. "ಹಂಗಾದರ ಸಾರು ಮಾಡ್ಲೇನ್ರಿ, ನಾವೂ ಬದುಕೋಣ" ಎಂದಿದ್ದೆ. "ಕಂಡಿತಲ್ಲ ಪುತಳಾ, ಅಷ್ಟಕ್ಕೇ ಹೊಟ್ಟಿ ತುಂಬಬೇಕು" ಎಂದು ಹಾಗೇ ಬಿಟ್ಟು ಬಂದರು. ನಿನ್ನೆ ನಾನೇ ಅವರನ್ನು ತೋಳು ಹಿಡಿದು ಅಲ್ಲಿಗೆ ಕರೆದುಕೊಂಡು ಹೋದೆ. ಬಹಳ ಹೊತ್ತು ನೋಡಿದರು. ನಾನು ಕೊಯ್ಯಲಿಲ್ಲ. ನನಗೂ ಕಂಡಿತು, ಆದರೆ ಹೊಟ್ಟೆ ತುಂಬಿತು ಎಂದು ಮಾತ್ರ ಹೇಳಲಾರೆ. ನಾನಿನ್ನೂ ಆಸೆ ಬಿಟ್ಟವಳಲ್ಲ.

ಶ್ರಾವಣಕ್ಕೆ ಬಾ. ಆಗ ಕೆಂಪು ಬಾಳೆಯ ಗೊನೆ ಇಳಿಸುತ್ತಾರೆ. ನಿನ್ನ ಸಂಸಾರ ತಂಪಾಗಿರಲಿ, ಕೂಸಿನ ಉಳಿದ ಹಲ್ಲುಗಳೂ ನೋವಿಲ್ಲದೆ ಬರಲಿ, ನಿನ್ನ ಎದೆಯ ಕಿಂಡಿಗಳು ಈಗ ತೆರೆದ ಹಾಗೆಯೇ ಇರಲಿ.

ನಿನ್ನ ಅವ್ವ
ಪುತಳಾಬಾಯಿ

ತಾ. ಕ.: ಮೊದಲ ಕಾಗದದಲ್ಲಿ ಒಂದು ಮಾತನ್ನು ಆಮೇಲೆ ಬರೆಯುತ್ತೇನೆಂದಿದ್ದೆ. ಬಜೆ ಹಚ್ಚಿದ ದಿನದಿಂದ ನಿಮ್ಮಪ್ಪ ನನ್ನನ್ನು "ನ್ಯಾಂಗ್" ಎಂದು ಕರೆಯುತ್ತಾರೆ. ಪಂಚಮಿಯ ದಿನ ನಿನ್ನೆದುರಿಗೇ ಕರೆದರು, ಹಾಗೆಂದರೇನು ಎಂದು ನಾನು ಕೇಳಿದೆ. ನೀನು ಕೂಸಿನ ಕುಲಾವಿ ಸರಿ ಮಾಡುತ್ತ, "ಮನಿ ಯಜಮಾನಿ ಅಂತ ಅವ್ವ" ಎಂದೆ. ನನ್ನ ಮೇಲಿನ ಮಾಯೆಗೆ ಹಾಗೆ ಹೇಳಿದೆ, ಗೊತ್ತು. ಆದರೆ ಲಾನವ್ವಾ, ಶಾಲೆಗೆ ಸೇರುವವರೆಗೆ ನೀನು ನನ್ನನ್ನು ಅದೇ ಮಾತಿನಿಂದ ಕರೆಯುತ್ತಿದ್ದೆ. ಬಿದ್ದಾಗ, ಹಸಿದಾಗ, ಜ್ವರ ಬಂದಾಗ. ನಾಲ್ಕಾರು ಗಿಡದ ಹೆಸರು ಬಿಟ್ಟರೆ ಆ ಭಾಷೆಯಲ್ಲಿ ನನಗೆ ತಿಳಿಯುವ ಮಾತು ಅದೊಂದೇ.

ತೊಡೆಯ ಮೇಲೆ ಮಲಗಿಸಿಕೊಂಡು ನಾಲಿಗೆಗೆ ಬಜೆ ಹಚ್ಚುವವಳು ತಾಯಿಯೇ ಇರಬೇಕು ಎಂದು ಅವರಿಗೆ ಅನ್ನಿಸಿದ್ದು ತಪ್ಪಲ್ಲ. ಕರೆದಾಗೆಲ್ಲ ಓ ಎನ್ನುತ್ತೇನೆ. ನೀವಿಬ್ಬರೂ ಅಷ್ಟು ಹೆಸರು ಹೇಳಿ ನಕ್ಕಿರಿ, ಪುತಳಾ ಎಂಬುದು ಒಮ್ಮೆಯಾದರೂ ಬರುತ್ತದೇನೋ ಎಂದು ಚಹಾ ಆರುವವರೆಗೆ ನಿಂತಿದ್ದೆ. ಬರಲಿಲ್ಲ. ನನ್ನ ಹೆಸರು ಕನ್ನಡದ ಜೊತೆಗೇ ಹೋಯಿತು.

ಬೇಜಾರು ಮಾಡಿಕೊಳ್ಳಬೇಡ. ಒಂದು ಕೆಲಸ ಮಾಡು. ಸಂಜೆಯಾದರೆ ಅವರು ಬಾಗಿಲ ಕಡೆ ನೋಡುತ್ತ ಯಾರನ್ನೋ ಕಾಯುತ್ತಾರೆ. ನನ್ನನ್ನೇ ಇರಬಹುದು. "ನಾನು ಇಲ್ಲೇ ಇದ್ದೇನೆ" ಎಂಬುದಕ್ಕೆ ಅವರ ಭಾಷೆಯಲ್ಲಿ ಏನನ್ನುತ್ತಾರೆ, ನೆನಪಾದರೆ ಅಷ್ಟು ಬರೆದು ಕಳಿಸು. ಕನ್ನಡ ಅಕ್ಷರದಲ್ಲಿ, ಸ್ವಲ್ಪ ದೊಡ್ಡದಾಗಿ ಬರೆ. ನಾನು ಬಾಯಿಪಾಠ ಮಾಡಿಕೊಳ್ಳುತ್ತೇನೆ.